ಭಯ ಆದಾಗ ಕಿವಿ ಚುರುಕಾಗುತ್ತಾ?

ನಾನು ಫಿಸಿಯಾಲಜಿ ಪಾಠ ಮಾಡುವವಳು. ಅದು ಗೊತ್ತಾದರೆ ಮುಗಿಯಿತು, ಮದುವೆಮನೆಯ ಊಟದ ಪಂಕ್ತಿಯಲ್ಲೂ ಯಾರಾದರೂ ಇದನ್ನು ಕೇಳುತ್ತಾರೆ. ಹೋದ ಸಲ ಕೇಳಿದ್ದು ಚಿಕ್ಕಮ್ಮ. ರಾತ್ರಿ ಮನೆಯಲ್ಲಿ ಒಬ್ಬರೇ ಇದ್ದರಂತೆ, ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಟಣ್ ಅಂತ ಬಿತ್ತಂತೆ, ಆಮೇಲೆ ಫ್ರಿಜ್ಜಿನ ಗುರ್, ನಲ್ಲಿಯ ತೊಟ್ಟು, ಪಕ್ಕದ ಮನೆಯವರ ಕೆಮ್ಮು ಎಲ್ಲ ಕಿವಿಯ ಪಕ್ಕದಲ್ಲೇ ಕೇಳಿಸತೊಡಗಿತಂತೆ.

ಇದರಲ್ಲಿ ಕಿವಿಯ ಪಾಲು ಕಡಿಮೆ. ಕೆಲಸ ಜಾಸ್ತಿ ನಡೆಯುವುದು ಮೆದುಳಿನಲ್ಲಿ.

ಮೆದುಳಿನ ಕಾಂಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಒಂದು ಪುಟ್ಟ ಜಾಗ ಇದೆ. ಲ್ಯಾಟಿನ್‌ನಲ್ಲಿ ಹಾಗಂದರೆ ನೀಲಿ ಜಾಗ. ಎರಡೂ ಬದಿ ಸೇರಿಸಿದರೂ ಹೆಚ್ಚೆಂದರೆ 50,000ದ ಆಸುಪಾಸಿನಷ್ಟು ನರಕೋಶಗಳು. ಇಡೀ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ! ಆದರೂ ಇವುಗಳ ತಂತುಗಳು ಮೆದುಳಿನ ಮೂಲೆಮೂಲೆಗೂ ಹೋಗುತ್ತವೆ, ಸದ್ದು ಸಾಗುವ ದಾರಿಯ ನಿಲ್ದಾಣಗಳಿಗೂ. ನಾವು ಬೆಚ್ಚಿದಾಗ ಅಲ್ಲೆಲ್ಲ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಸುರಿಯುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ನಾರ್‌ಅಡ್ರಿನಲಿನ್ ಒಂದೇ, ಆದರೆ ಅದು ಮಾಡುವ ಕೆಲಸ ಒಂದೇ ಅಲ್ಲ. ಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಯಾವ ರಿಸೆಪ್ಟರ್ (ಗ್ರಾಹಕ) ಇದೆಯೋ ಅದು ಹೇಳಿದಂತೆ. ಆಲ್ಫಾ-1 ಸಾಮಾನ್ಯವಾಗಿ ಕೋಶವನ್ನು ಎಬ್ಬಿಸುತ್ತದೆ, ಆಲ್ಫಾ-2 ಸುಮ್ಮನಾಗಿಸುತ್ತದೆ, ಬೀಟಾದ್ದು ಬೇರೆಯೇ ದಾರಿ. (ಈ ಆಲ್ಫಾ, ಬೀಟಾ ಹೆಸರು ಕೊಟ್ಟದ್ದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, 1948ರಲ್ಲಿ. ಅವರು ನೋಡಿದ್ದು ಹೃದಯ, ರಕ್ತನಾಳಗಳನ್ನು, ಮೆದುಳನ್ನಲ್ಲ.)

ಕಿವಿಯ ನರ ಬಂದು ಸೇರುವ ಮೊದಲ ನಿಲ್ದಾಣ ಕಾಕ್ಲಿಯರ್ ನ್ಯೂಕ್ಲಿಯಸ್. ಅಲ್ಲಿ ಕಾರ್ಟ್‌ವೀಲ್ ಅನ್ನುವ ಕೋಶಗಳಿವೆ. ಮುಂದಿನ ಕೋಶದ ಬಾಯಿ ಮುಚ್ಚಿಸುವುದು ಇವುಗಳ ಕೆಲಸ. ಆದರೆ ಇವು ಕಾರಣ ಇಲ್ಲದಿದ್ದರೂ ಸುಮ್ನೆ ವಟಗುಟ್ಟುತ್ತಾ ಇರುತ್ತವೆ. ದಿನವಿಡೀ "ಸದ್ದು, ಸದ್ದು" ಅಂತ ಮೇಜು ಕುಟ್ಟುವ ಮೇಷ್ಟರಿಗೆ ಯಾವ ಹುಡುಗ ಹೆದರುತ್ತಾನೆ ಹೇಳಿ? ಇಲ್ಲೂ ಹಾಗೇ, ವಟಗುಟ್ಟಿ ವಟಗುಟ್ಟಿ ಇವುಗಳ ಮಾತಿನ ಬಲ ಇಳಿದಿರುತ್ತದೆ. ನರವಿಜ್ಞಾನಿ ಲಾರೆನ್ಸ್ ಟ್ರಸೆಲ್ ಅವರ ಲ್ಯಾಬ್ 2011ರಲ್ಲಿ ಇಲಿಯ ಮೆದುಳಿನ ತೆಳು ಹೋಳಿಗೆ ನಾರ್‌ಅಡ್ರಿನಲಿನ್ ಹಾಕಿ ನೋಡಿತು. ಆಲ್ಫಾ-2 ಮೂಲಕ ಆ ವಟವಟ ನಿಂತುಹೋಯಿತು. ಆಮೇಲೆ ನಿಜವಾದ ಸಂಕೇತ ಬಂದಾಗ ಅದೇ ಕೋಶ ಗದರಿದ್ದು ಮೊದಲಿಗಿಂತ ಜೋರಾಗಿತ್ತು. ಸುಮ್ಮನಿರಿಸಿದ್ದಕ್ಕೇ ಬಲ ಬಂತು! ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ.

ದಾರಿಯ ಕೊನೆಯ ನಿಲ್ದಾಣ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರ. 1975ರಲ್ಲೇ ಎಚ್ಚರವಿದ್ದ ಕೋತಿಗಳಲ್ಲಿ ಅಲ್ಲಿನ ಕೋಶಗಳಿಗೆ ನಾರ್‌ಅಡ್ರಿನಲಿನ್ ಹಾಕಿ, ಕೋತಿಗಳದೇ ಕೂಗು ಕೇಳಿಸಿ ನೋಡಿದ್ದರು. ಕೋಶಗಳು ತಮ್ಮಷ್ಟಕ್ಕೆ ಮಾಡುವ ಗಲಾಟೆ ತುಂಬಾ ಇಳಿಯಿತು, ಕೂಗಿಗೆ ಕೊಡುವ ಉತ್ತರ ಅಷ್ಟು ಇಳಿಯಲಿಲ್ಲ. ಚಿಕ್ಕಮ್ಮನ ಫ್ರಿಜ್ಜು ಜೋರಾಗಿರಲಿಲ್ಲ, ಅದರ ಸುತ್ತ ಮೆದುಳು ಮಾಡುವ ಗಲಾಟೆ ಕಡಿಮೆಯಾಗಿತ್ತು ಅಂತ ನಾನು ಹೇಳುವುದು ಇದನ್ನೆಲ್ಲ ನೋಡಿ.

ಹಾಗಾದರೆ ಕಿವಿಯಲ್ಲಿ ಸದಾ ಗುಂಯ್ ಅನ್ನುವ ತೊಂದರೆಗೂ ಈ ನಾರ್‌ಅಡ್ರಿನಲಿನ್ ದಾರಿ ಹಿಡಿದ ಮಾತ್ರೆ ಇರಬೇಕಲ್ವಾ ಅಂತ ಪಕ್ಕದ ಎಲೆಯವರು ಕೇಳಿದರು. ಇಲ್ಲ, ಗುಂಯ್‌ಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಾತ್ರೆ ಒಂದೂ ಇಲ್ಲ. ಆಲ್ಫಾ-2 ರಿಸೆಪ್ಟರ್ ಲೋಕಸ್ ಸೆರೂಲಿಯಸ್ ಕೋಶಗಳ ಮೇಲೂ ಇದೆ, ಅಲ್ಲಿ ಅದನ್ನು ಒತ್ತಿದರೆ ಮಂಪರು ಬರುತ್ತದೆ, ಐಸಿಯುನಲ್ಲಿ ಕೊಡುವ ಡೆಕ್ಸ್‌ಮೆಡಿಟೊಮಿಡಿನ್ ಅನ್ನುವ ಔಷಧಿ ಮಾಡುವುದು ಅದನ್ನೇ. ಒಂದೇ ರಿಸೆಪ್ಟರ್, ಜಾಗ ಬೇರೆ, ಕಥೆ ಬೇರೆ.

ಚಿಕ್ಕಮ್ಮ ಪಾಯಸ ಮುಗಿಸುವವರೆಗೂ ತಲೆಯಾಡಿಸುತ್ತಾ ಕೇಳಿದರು. ಆಮೇಲೆ, "ಅದೆಲ್ಲ ಸರಿ ಕಣೇ, ಲೋಟ ಬೀಳಿಸಿದ್ದು ಯಾರು?" ಅಂದರು.