ಆಯಿ ಜೊತೆ ಕ್ರ್ಯಾನ್‌ಬೆರಿ ಗ್ಲೇಡ್ಸ್‌ನಲ್ಲಿ ಎರಡು ಸುತ್ತು

ಆಯಿಗೆ, ಅಂದ್ರೆ ನಮ್ಮಮ್ಮಂಗೆ, ಮಂಡಿನೋವು ಜೋರಾದ್ಮೇಲೆ ಕಾಡು ಅನ್ನೋದೇ ತಪ್ಪಿಹೋಗಿತ್ತು. ಸಿದ್ದಾಪುರದಲ್ಲಿ ಸೊಪ್ಪಿನ ಬೆಟ್ಟ, ಕಾನು ಅಂತ ದಿನಾ ಓಡಾಡಿದವಳು ಇಲ್ಲಿ ವರ್ಜೀನಿಯಾಕ್ಕೆ ಬಂದು ಎರಡು ತಿಂಗಳು ಕಿಟಕಿ ಪಕ್ಕ ಕೂತಿದ್ದು ನೋಡೋಕೆ ನನಗೇ ಆಗ್ತಿರ್ಲಿಲ್ಲ. ವೀಲ್‌ಚೇರ್ ಹೋಗತ್ತೆ ಅಂತ ಬೋರ್ಡ್ ಹಾಕಿದ್ದ ಒಂದು ಟ್ರೇಲ್‌ಗೆ ಹೋಗಿ, ಸ್ವಲ್ಪ ದೂರಕ್ಕೇ ಮೆಟ್ಟಿಲು ಸಿಕ್ಕಿ ವಾಪಸ್ ಬಂದಿದ್ವಿ, ಅವತ್ತು ಅವಳು ದಾರೀಲಿ ಒಂದು ಮಾತೂ ಆಡ್ಲಿಲ್ಲ.

ಅದಕ್ಕೇ ಸೆಪ್ಟೆಂಬರ್ ಕೊನೇಲಿ ವೆಸ್ಟ್ ವರ್ಜೀನಿಯಾದ ಕ್ರ್ಯಾನ್‌ಬೆರಿ ಗ್ಲೇಡ್ಸ್‌ಗೆ ಹೊರಟಾಗ ನಂಗೆ ಒಳಗೊಳಗೇ ಭಯ ಇತ್ತು. ಮೊನೊಂಗಹೀಲಾ ನ್ಯಾಷನಲ್ ಫಾರೆಸ್ಟ್ ಒಳಗೆ, ಸುಮಾರು 3,400 ಅಡಿ ಎತ್ತರದಲ್ಲಿ, 750 ಎಕರೆ ಸಂರಕ್ಷಿತ ಜೌಗು ಪ್ರದೇಶ. ಆ ಕಡೆ ಗ್ರೀನ್ ಬ್ಯಾಂಕ್ ರೇಡಿಯೋ ಟೆಲಿಸ್ಕೋಪ್‌ಗೋಸ್ಕರ ರೇಡಿಯೋ ಸಿಗ್ನಲ್‌ಗಳ ಮೇಲೆ ನಿರ್ಬಂಧ ಇದೆ, ಮೊಬೈಲ್ ನೆಟ್‌ವರ್ಕ್ ಸಿಗೋದು ಕಷ್ಟ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಂಡು ಹೋಗಿ.

ಬೋರ್ಡ್‌ವಾಕ್ (ಜೌಗಿನ ಮೇಲೆ ಹಾಸಿದ ಹಲಗೆ ದಾರಿ) ಅರ್ಧ ಮೈಲಿ, ಅಂದ್ರೆ 800 ಮೀಟರ್, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರತ್ತೆ. ಒಂದೇ ಒಂದು ಮೆಟ್ಟಿಲೂ ಇಲ್ಲ! ಮೊದಲು ಸ್ಪ್ರೂಸ್, ಹೆಮ್‌ಲಾಕ್ ಮರಗಳ ನೆರಳು, ಹಲಗೆ ಮೇಲೆ ಚಕ್ರದ ಟಕಟಕ ಸದ್ದು, ಆಮೇಲೆ ಇದ್ದಕ್ಕಿದ್ದಂಗೆ ಮರ ಎಲ್ಲಾ ಮುಗಿದು ಬಯಲು. ಆಯಿ ಕೈ ಎತ್ತಿ ನಿಲ್ಸು ಅಂದ್ಲು. "ಇದು ನಮ್ಮ ಜಡ್ಡಿ ಇದ್ದಂಗೇ ಇದ್ದಲಾ ತಮಾ."

ಜಡ್ಡಿ ಅಂದ್ರೆ ನಮ್ಮ ಕಡೆ ಕಾಡೊಳಗಿನ ಜೌಗು ನೆಲ. ನಿಜ ಹೇಳ್ಬೇಕಂದ್ರೆ ಎರಡೂ ಬೇರೆ ಬೇರೆ. ನಮ್ಮ ರಾಮಪತ್ರೆ ಮರಗಳ ಜಡ್ಡಿ ಕತ್ತಲೆ ಕಾಡು, ಬೇರುಗಳು ನೀರಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯತ್ತೆ. ಇಲ್ಲಿ ನೆಲಾನೇ ಸ್ಫ್ಯಾಗ್ನಮ್ ಪಾಚಿ. ಸುತ್ತ ಗುಡ್ಡ ಇರೋದ್ರಿಂದ ತಣ್ಣನೆ ಗಾಳಿ ಬಟ್ಟಲಲ್ಲಿ ನಿಂತ ಹಾಗೆ ನಿಲ್ಲತ್ತೆ, ಅದಕ್ಕೇ ಹಿಮಯುಗ ಮುಗಿದ್ರೂ ಕೆನಡಾ ಕಡೆ ಬೆಳೆಯೋ ಗಿಡಗಳು ಇಷ್ಟು ದಕ್ಷಿಣದಲ್ಲೂ ಉಳಿದಿವೆ. ಆದ್ರೆ ಆಯಿ ಹೇಳಿದ್ದು ಅದಲ್ಲ, ಕಾಲಿಟ್ಟರೆ ಹೂತುಹೋಗೋ, ನೀರು ಹಿಡಿದಿಟ್ಕೊಳ್ಳೋ ನೆಲದ ವಿಷಯ, ಅದು ಅವಳಿಗೆ ನೋಡಿದ ಕೂಡ್ಲೇ ಗೊತ್ತಾಯ್ತು.

ಹಲಗೆ ಅಂಚಲ್ಲೇ ಉಗುರಿನಷ್ಟು ಎಲೆಯ ಸಂಡ್ಯೂ ಗಿಡ, ಕೆಂಪು ಕೂದಲು, ಪ್ರತಿ ಕೂದಲ ತುದೀಲೂ ಅಂಟು ಹನಿ. ಈ ಹುಳಿ ನೆಲದಲ್ಲಿ ಸಾರ ಇಲ್ಲ, ಅದಕ್ಕೇ ಹುಳ ಹಿಡಿದು ತಿನ್ನತ್ತೆ ಅಂದೆ. ಇದರ ಬಳಗದ ಗಿಡಗಳು ನಮ್ಮ ಕಡೆ ಕೆಂಪುಕಲ್ಲು ಹಾಸಿನ ಮೇಲೂ ಮಳೆಗಾಲ ಮುಗಿಯೋ ಹೊತ್ತಿಗೆ ಇರತ್ತೆ, ನಾನು ಓದಿದ್ದೆ ಅಷ್ಟೇ, ಆಯಿ ಮಾತ್ರ ದನ ಕಾಯೋಕೆ ಹೋದಾಗ ಕಂಡಿದ್ಲಂತೆ, ಹೆಸರು ಗೊತ್ತಿರ್ಲಿಲ್ಲ ಅಂದ್ಲು. ಕ್ರ್ಯಾನ್‌ಬೆರಿ ಬಳ್ಳಿ ಪಾಚಿ ಮೇಲೇ ಹರಡಿ ಹಣ್ಣು ಕೆಂಪಾಗ್ತಾ ಇತ್ತು. ಹಲಗೆ ಬಿಟ್ಟು ಕೆಳಗೆ ಇಳಿಯೋ ಹಾಗಿಲ್ಲ, ದಯವಿಟ್ಟು ಇಳೀಬೇಡಿ, ಒಂದು ಹೆಜ್ಜೆ ಗುರುತು ಮಾಯೋಕೆ ವರ್ಷಗಳೇ ಬೇಕು.

ಕಾರ್ ಹತ್ರ ಬಂದ್ಮೇಲೆ ಆಯಿ ಸೀಟ್‌ಗೆ ಹತ್ತಲಿಲ್ಲ. "ಇನ್ನೊಂದು ಸುತ್ತು ಹೋಪನ" ಅಂದ್ಲು. ಹೋದ್ವಿ, ಈ ಸಲ ಸಂಡ್ಯೂ ಹತ್ರ ಅರ್ಧ ಗಂಟೆ ನಿಂತ್ವಿ.