ಐಸ್ ಬಕೆಟ್‌ನಲ್ಲಿ ಮುಳುಗಿದ ಮರ್ಸೊ

ದುಬೈನ ಒಂದು ಹೋಟೆಲ್‌ನಲ್ಲಿ ವೈನ್ ಬಡಿಸುವ ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಬಿಳಿ ವೈನ್‌ಗೆ ಐಸ್ ಬೇಕು, ಕೆಂಪು ವೈನ್‌ಗೆ ಬೇಡ. ನನಗೆ ಗೊತ್ತಿದ್ದದ್ದು ಇಷ್ಟೇ. ಅದನ್ನೇ ಭಕ್ತಿಯಿಂದ ಪಾಲಿಸುತ್ತಿದ್ದೆ.

ಒಂದು ಸಂಜೆ ವಯಸ್ಸಾದ ದಂಪತಿ ಮರ್ಸೊ ತರಿಸಿದರು. (ಸ್ಪೆಲ್ಲಿಂಗ್ ನೋಡಿ ಮೊದಲ ತಿಂಗಳೆಲ್ಲ ನಾನು ‘ಮ್ಯೂರ್ಸಾಲ್ಟ್’ ಅಂತಿದ್ದೆ. ಯಾರೂ ತಿದ್ದಲಿಲ್ಲ, ಸುಮ್ನೆ ನಗುತ್ತಿದ್ದರು.) ನಮ್ಮ ಪಟ್ಟಿಯ ದುಬಾರಿ ಬಿಳಿ ವೈನ್‌ಗಳಲ್ಲಿ ಅದೂ ಒಂದು. ದುಬಾರಿ ಅಂದಮೇಲೆ ಉಪಚಾರವೂ ಜಾಸ್ತಿ ಆಗಬೇಕಲ್ವಾ? ಬಕೆಟ್‌ಗೆ ಐಸ್ ತುಂಬಿ ನೀರು ಸುರಿದೆ. ಮೇಲೊಂದು ಹಿಡಿ ಉಪ್ಪು ಹಾಕಿದೆ. ಉಪ್ಪು ಹಾಕಿದರೆ ಬೇಗ ತಣ್ಣಗಾಗುತ್ತೆ ಅಂತ ಬಾರ್‌ನ ಹುಡುಗ ಹೇಳಿಕೊಟ್ಟಿದ್ದ. ಬಾಟಲಿಯನ್ನು ಕತ್ತಿನವರೆಗೂ ಮುಳುಗಿಸಿಟ್ಟೆ.

ಅರ್ಧ ಗಂಟೆ ಬಿಟ್ಟು ಗ್ಲಾಸಿಗೆ ಹಾಕಿಕೊಟ್ಟೆ. ಆ ಹಿರಿಯರು ಮೂಸಿದರು, ಒಂದು ಗುಟುಕು ಕುಡಿದರು, ಹೆಂಡತಿಯ ಮುಖ ನೋಡಿದರು. ಬೈಯಲಿಲ್ಲ. “ವಾಸನೆಯೇ ಇಲ್ಲವಲ್ಲ, ಬಾಟಲಿ ಕೆಟ್ಟಿದೆಯಾ?” ಅಂತ ಕೇಳಿದರು.

ಹೊಸ ಬಾಟಲಿ ತರಲು ಹೊರಟೆ. ಬಾಗಿಲಲ್ಲೇ ನಮ್ಮ ಹೆಡ್ ತಡೆದರು. ಮಂಗಳೂರಿನವರು. ಗ್ಲಾಸನ್ನು ಕೈಯಲ್ಲಿ ಹಿಡಿದು ನೋಡಿದರು, ಕುಡಿಯಲೇ ಇಲ್ಲ. “ವೈನ್ ಸರಿಯೇ ಉಂಟು ಮಾರಾಯ. ನೀನೇ ಅದನ್ನು ಮರಗಟ್ಟಿಸಿದ್ದು.” ಬಾಟಲಿ ಬಕೆಟ್‌ನಿಂದ ಟೇಬಲ್ ಮೇಲಕ್ಕೆ ಬಂತು. ಕಾಲು ಗಂಟೆ ಕಾಯಿರಿ ಅಂತ ಅವರೇ ಹೋಗಿ ದಂಪತಿಗೆ ಕೈಮುಗಿದು ಬಂದರು.

ಆಮೇಲೆ ಹಿರಿಯರೇ ನನ್ನನ್ನು ಕರೆದು ಗ್ಲಾಸ್ ಮೂಗಿನ ಹತ್ತಿರ ಹಿಡಿದರು. ಹುರಿದ ಬೀಜ, ಬೆಣ್ಣೆ, ಸ್ವಲ್ಪ ವೆನಿಲಾ. ಅದೇ ಬಾಟಲಿ, ಅದೇ ಗ್ಲಾಸ್!

ರಾತ್ರಿ ಟೇಬಲ್ ಒರೆಸುವಾಗ ಹೆಡ್ ಕೇಳಿದರು: “ಫ್ರಿಜ್‌ನಲ್ಲಿಟ್ಟ ತುಪ್ಪ ಘಮ್ ಅಂತದಾ? ಬಿಸಿ ಅನ್ನದ ಮೇಲೆ ಬಿದ್ದರೆ ತಾನೇ?” ಅಲ್ಲಿಂದ ಪಾಠ ಶುರು.

ಮರ್ಸೊ ಅಂದರೆ ಫ್ರಾನ್ಸಿನ ಬರ್ಗಂಡಿಯ ಒಂದು ಊರು. ಬೋನ್ ಪಟ್ಟಣದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್. ಪೂರ್ವಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಇಳಿಜಾರು, ಅದರಲ್ಲಿ ಶಾರ್ಡನೆ ದ್ರಾಕ್ಷಿ. ರಸ ಹುದುಗುವುದು 228 ಲೀಟರ್ ಹಿಡಿಸುವ ಓಕ್ ಪೀಪಾಯಿಗಳಲ್ಲಿ. ಪೀಪಾಯಿ ಮಾಡುವವರು ಅದರ ಒಳಮೈಯನ್ನು ಬೆಂಕಿಯಲ್ಲಿ ಸುಡುತ್ತಾರೆ. ವೆನಿಲಾ, ಹುರಿದ ವಾಸನೆ ಬರುವುದು ಅಲ್ಲಿಂದ. ಪೀಪಾಯಿ ಹಳೆಯದಾದಷ್ಟೂ ಮರದ ವಾಸನೆ ಕಡಿಮೆ. ಆದ್ದರಿಂದ ಒಳ್ಳೆಯ ಮರ್ಸೊ ಮಾಡುವವರು ಎಲ್ಲವನ್ನೂ ಹೊಸ ಪೀಪಾಯಿಗೆ ತುಂಬುವುದಿಲ್ಲ.

ಬೆಣ್ಣೆಯ ವಾಸನೆ ಮಾತ್ರ ಮರದ್ದಲ್ಲ. ಮರದ್ದೇ ಅಂತ ಗ್ರಾಹಕರಿಗೆ ನಾಲ್ಕು ತಿಂಗಳು ಧೈರ್ಯವಾಗಿ ಹೇಳಿದ್ದೆ! ಹಸಿರು ಸೇಬಿನಲ್ಲಿರುತ್ತಲ್ಲ, ಆ ಚೂಪು ಹುಳಿಯನ್ನು ಬ್ಯಾಕ್ಟೀರಿಯಾಗಳು ನಮ್ಮ ಮೊಸರಿನಲ್ಲಿರುವ ಮೃದು ಹುಳಿಯಾಗಿ ಬದಲಿಸುತ್ತವೆ. ಬೆಣ್ಣೆಯ ಘಮ ಆಗ ಹುಟ್ಟುತ್ತದೆ. ಪೀಪಾಯಿಯ ತಳದಲ್ಲಿ ಕೂತ ಸತ್ತ ಯೀಸ್ಟನ್ನು ಕೋಲಿನಿಂದ ಆಗಾಗ ಕಲಕುವುದೂ ಉಂಟು. ಬಾಯಲ್ಲಿ ವೈನ್ ದಪ್ಪ ಅನ್ನಿಸುವುದಕ್ಕೆ ಅದೂ ಕಾರಣ. ಇಷ್ಟೆಲ್ಲ ಮಾಡಿ ಕಟ್ಟಿದ ವಾಸನೆಯನ್ನು ನಾನು ಒಂದು ಹಿಡಿ ಉಪ್ಪಿನಲ್ಲಿ ಮುಗಿಸಿದ್ದೆ.

ಬರ್ಗಂಡಿಯಲ್ಲೇ ಉತ್ತರಕ್ಕೆ ಶಾಬ್ಲಿ ಅನ್ನುವ ಊರಿದೆ. ಅದೇ ಹೆಸರಿನ ಅಲ್ಲಿನ ಬಿಳಿ ವೈನ್ ಕೂಡ ಶಾರ್ಡನೆಯದ್ದೇ. ಆದರೆ ಹೆಚ್ಚಿನದನ್ನು ಸ್ಟೀಲ್ ಟ್ಯಾಂಕಿನಲ್ಲಿ ಮಾಡುತ್ತಾರೆ. ಅದಕ್ಕೆ ತಣ್ಣಗಿದ್ದರೇ ಚಂದ. ಎರಡೂ ಒಂದೇ ದ್ರಾಕ್ಷಿ ಅಂತ ಒಂದೇ ಬಕೆಟ್‌ಗೆ ಹಾಕಿದರೆ ಒಂದಕ್ಕೆ ಅನ್ಯಾಯ ಗ್ಯಾರಂಟಿ.

ಈಗ ನನ್ನ ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ಶಾಬ್ಲಿಗೆ 9-10 ಡಿಗ್ರಿ, ಮರ್ಸೊಗೆ 12-13. ಮರ್ಸೊ ಟೇಬಲ್‌ಗೆ ಹೋದಮೇಲೆ ಬಕೆಟ್ ಕೊಡುವುದಿಲ್ಲ. ಕೆಲವರು ಐಸ್ ಬೇಕೇ ಬೇಕು ಅನ್ನುತ್ತಾರೆ. ದುಡ್ಡು ಅವರದು, ತಂದಿಡುತ್ತೇನೆ. ಉಪ್ಪು ಮಾತ್ರ ಹಾಕುವುದಿಲ್ಲ.