1.2 ಮೀಟರ್ ಮಡಿ

ನಮ್ಮ ಪ್ರಾಜೆಕ್ಟ್‌ನ ಕೋಡ್‌ನಲ್ಲಿ 'ಮಡಿ' ಅಂತ ಒಂದು ಫ್ಲಾಗ್ ಇದೆ, ಅಂದರೆ ಆನ್-ಆಫ್ ಸ್ವಿಚ್. ಡೀಫಾಲ್ಟ್ ಫಾಲ್ಸ್, ಅಂದರೆ ಯಾರೂ ಮುಟ್ಟದಿದ್ದರೆ ಆಫ್. ಹೋದ ವಾರ ಸೇರಿದ ಹುಡುಗ, ಇಂದೋರಿನವನು, ರಿವ್ಯೂನಲ್ಲಿ ಕಾಮೆಂಟ್ ಹಾಕಿದ್ದ: ಇದು ಯಾರ ಹೆಸರು, ರೀನೇಮ್ ಮಾಡಲಾ? ನಮ್ಮ ಲೀಡ್ ಡೆವಲಪರ್ 'ಮುಟ್ಟಬೇಡ' ಅಂತ ಉತ್ತರ ಬರೆದು, ಕೆಳಗೆ 'ಕಥೆ ಬೇಕಾದರೆ ಡಿಸೈನರ್‌ನ ಕೇಳು' ಅಂತ ಸೇರಿಸಿದರು. ಡಿಸೈನರ್ ಅಂದರೆ ನಾನೇ. ಹುಡುಗನಿಗೆ ಕಾಫಿ ಮೆಷಿನ್ ಹತ್ತಿರ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅವನು ನಕ್ಕ. ನಾನೂ ನಕ್ಕೆ. ಆದರೆ ಅವತ್ತಿನ ಬೆಳಗ್ಗೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ವಿಆರ್, ಅಂದರೆ ವರ್ಚುವಲ್ ರಿಯಾಲಿಟಿ, ಡಿಸೈನ್ ಮಾಡುವವನು. ಇದಕ್ಕೆ ಮುಂಚೆ ನಮ್ಮ ಟೀಮ್ ಮಾಡಿದ್ದು ಆಫೀಸ್ ಮೀಟಿಂಗ್‌ಗೆ ಒಂದು ಆ್ಯಪ್. ಹೆಡ್‌ಸೆಟ್ ಹಾಕಿಕೊಂಡು ಟೇಬಲ್ ಸುತ್ತ ಕೂತು ಪಿಪಿಟಿ ನೋಡುವ ಆ್ಯಪ್. ಯಾರಿಗೂ ಬೇಕಾಗಿರಲಿಲ್ಲ. ಆಮೇಲೆ ಮ್ಯಾನೇಜ್‌ಮೆಂಟ್‌ಗೆ ಹೊಸ ಐಡಿಯಾ ಬಂತು: ದೂರ ದೂರ ಇರುವ ಮನೆಯವರು ಒಂದೇ ಜಾಗದಲ್ಲಿ ಕೂರಲಿ. ಅದೇ ನೆಟ್‌ವರ್ಕಿಂಗ್ ಕೋಡ್, ಅದೇ ಅವತಾರ್ (ವಿಆರ್ ಒಳಗೆ ನಮ್ಮ ಬದಲು ಕಾಣುವ ಬೊಂಬೆ), ರೂಮ್ ಮಾತ್ರ ಬೇರೆ, ಅಂದರು. ಸ್ಲೈಡ್ ಡೆಕ್‌ನ ಮೊದಲ ಪುಟದಲ್ಲಿ ವಿಆರ್‌ನ ಆದ್ಯರಲ್ಲೊಬ್ಬರಾದ ಜೇರನ್ ಲೆನಿಯರ್ ಫೋಟೊ. ಇಬ್ಬರು ಒಂದೇ ವಿಆರ್ ಒಳಗೆ ಭೇಟಿಯಾಗುವುದನ್ನು ಅವರ ವಿಪಿಎಲ್ ಕಂಪನಿ 1989ರಲ್ಲೇ ತೋರಿಸಿತ್ತು, ನಮಗೆ ಈಗ ಮಾಡೋಕೆ ಏನು ಕಷ್ಟ ಅನ್ನುವುದು ವಾದ. 'ಅದೇ ಕೋಡ್' ಅನ್ನುವ ಮಾತಿಗೆ ಅವತ್ತು ನಾನೂ ತಲೆಯಾಡಿಸಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಪೈಲಟ್‌ಗೆ ಸಿಕ್ಕಿದ್ದು ತಿಪಟೂರು ಹತ್ತಿರದ ಒಂದು ಮನೆ. ತೆಂಗಿನ ತೋಟದ ಅಂಚಿನಲ್ಲಿ ಹಳೇ ಹೆಂಚಿನ ಮನೆ, ಮುಂದೆ ಜಗಲಿ. ಅಮ್ಮ ಅಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ. ವೀಸಾ ಸ್ಟಾಂಪಿಂಗ್ ಗಲಾಟೆಯಲ್ಲಿ ಮಗಳು ಊರಿಗೆ ಬಂದು ಮೂರು ವರ್ಷ ಆಗಿತ್ತು.

ಆ ಮನೆಯ ಮೇಲೆ ನಾವು ಹನ್ನೊಂದು ವಾರ ಸುರಿದೆವು. ಎರಡು ದಿನ ಅಲ್ಲೇ ಇದ್ದು ಒಂಬೈನೂರು ಚಿಲ್ಲರೆ ಫೋಟೊ ತೆಗೆದೆವು. ಕೆಂಪು ಗಾರೆ ನೆಲ ಫೋಟೊಗ್ರಾಮೆಟ್ರಿಗೆ, ಅಂದರೆ ಫೋಟೊಗಳಿಂದ ತ್ರೀಡಿ ಮಾದರಿ ಕಟ್ಟುವ ಸಾಫ್ಟ್‌ವೇರ್‌ಗೆ, ಸಿಗಲೇ ಇಲ್ಲ. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾಗಿತ್ತು. ಹೊಳೆಯುವ ನೆಲ ಕಂಡರೆ ಆ ಸಾಫ್ಟ್‌ವೇರ್‌ಗೆ ದಿಕ್ಕು ತಪ್ಪುತ್ತದೆ, ಅದು ಕಟ್ಟುವ ತ್ರೀಡಿ ಮೈಯಲ್ಲಿ ಗುಂಡಿ ಬೀಳುತ್ತದೆ. ನಮ್ಮ ತ್ರೀಡಿ ಆರ್ಟಿಸ್ಟ್ ನೆಲವನ್ನೆಲ್ಲ ಕೈಯಲ್ಲೇ ಕಟ್ಟಿದಳು. ಜಗಲಿಯ ಕಂಬದಲ್ಲಿ ಉಯ್ಯಾಲೆ ಹಗ್ಗ ಸವೆಸಿದ ಗುರುತಿತ್ತು, ಅದನ್ನೂ ಬಿಡಲಿಲ್ಲ. ಬಾಗಿಲ ಚಿಲಕಕ್ಕೇ ಒಂದು ದಿನ ಹೋಯಿತು. ಸೆಕೆಂಡಿಗೆ 72 ಫ್ರೇಮ್ ಓಡುವಷ್ಟು ಹಗುರ ಮಾಡಲು ಲೀಡ್ ಜೊತೆ ಚಿತ್ರದ ಒಂದೊಂದು ತುಣುಕಿಗೂ ಜಗಳ. ಲೈಟಿಂಗ್ ಮಾತ್ರ ನನ್ನ ಹಠ. ಸಂಜೆ ಹೊತ್ತು, ಬಾಗಿಲಲ್ಲಿ ದೀಪ ಹಚ್ಚಿದ ಬೆಳಕು. ಆ ಬೆಳಕನ್ನು ಸೀನ್‌ಗೆ ಅಚ್ಚೊತ್ತಿ ನೋಡಿದರೆ ನನಗೇ ಗಂಟಲು ಕಟ್ಟಿತು. ನನ್ನ ಕೆಲಸಕ್ಕೆ ನಾನೇ ಕಣ್ಣಲ್ಲಿ ನೀರು ತಂದುಕೊಂಡಾಗಲೇ ಅನುಮಾನ ಬರಬೇಕಿತ್ತು.

ಭಾನುವಾರ ಬೆಳಗ್ಗೆ ಏಳೂವರೆಗೆ ಸೆಷನ್. ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ ಹತ್ತು. ನಸುಕಿನಲ್ಲೇ ಬೆಂಗಳೂರು ಬಿಟ್ಟು ಹೋದೆ. ಹೆಡ್‌ಸೆಟ್ ಹಾಕಿಸುವುದೇ ದೊಡ್ಡ ಸಾಹಸ. ಅಮ್ಮನ ತುರುಬು ಸರಿಯಾಗಿ ಹಿಂದಿನ ಪಟ್ಟಿ ಕೂರುವ ಜಾಗದಲ್ಲೇ ಇತ್ತು. ತುರುಬು ಬಿಚ್ಚಿ ಜಡೆ ಹಾಕಿಕೊಂಡು ಬಂದರು. ಆಮೇಲೆ ಕನ್ನಡಕ. ಆಮೇಲೆ ಹಣೆಯ ಕುಂಕುಮ, ಅದು ಫೋಮ್‌ಗೆ ಹತ್ತಿತು. ನಮ್ಮ ಹೆಡ್‌ಸೆಟ್ ಕ್ವೆಸ್ಟ್ 3, ತೂಕ 515 ಗ್ರಾಂ. ಆಫೀಸಿನಲ್ಲಿ ನಮಗೆ ಅದು ಸ್ಪೆಕ್ ಶೀಟ್‌ನ ಒಂದು ಸಾಲು, ಅಮ್ಮನಿಗೆ 'ಅರ್ಧ ಕೇಜಿ ಬೆಲ್ಲ ಮುಖಕ್ಕೆ ಕಟ್ಟಿದ ಹಾಗೆ'. ಎರಡು ಹೆಜ್ಜೆ ಇಟ್ಟು ಸುರಕ್ಷಿತ ಜಾಗದ ಅಂಚು ತೋರಿಸುವ ಬೌಂಡರಿ ಗ್ರಿಡ್ ಕಂಡಾಗ 'ಸೊಳ್ಳೆ ಪರದೆ ಯಾಕಪ್ಪಾ ಕಟ್ಟಿದೀರ?' ಅಂದರು. ಸೀನ್ ಲೋಡ್ ಆಯಿತು. ಸುತ್ತ ನೋಡಿದರು. 'ಬೆಳಗ್ಗೆ ಹೊತ್ತಲ್ಲಿ ದೀಪ ಯಾಕೆ ಉರೀತಿದೆ?' ನನ್ನ ಮೂರು ವಾರದ ಲೈಟಿಂಗ್‌ಗೆ ಸಿಕ್ಕಿದ ಬಹುಮಾನ ಅಷ್ಟೇ.

ಮಗಳು ಜಾಯಿನ್ ಆದಳು. ನಮ್ಮ ಅವತಾರ್‌ಗೆ ಕಾಲಿಲ್ಲ. ಹೆಡ್‌ಸೆಟ್‌ಗೆ ಗೊತ್ತಾಗುವುದು ತಲೆ ಮತ್ತು ಕೈ ಎಲ್ಲಿದೆ ಅಂತ, ಉಳಿದದ್ದೆಲ್ಲ ಊಹೆ. ಕಾಲಿಲ್ಲದ್ದನ್ನು ಕಂಡು ಅಮ್ಮ ದೆವ್ವ ಅಂದುಕೊಂಡಾರು ಎಂದು ಉದ್ದ ಲಂಗ ತೊಡಿಸಿದ್ದೆವು. ಅಮ್ಮ ಮೇಲಿಂದ ಕೆಳಗೆ ನೋಡಿ, 'ಏನೇ ಇದು ನಿನ್ನ ಅವತಾರ!' ಅಂದರು. ಆಫೀಸಿನಲ್ಲಿ ದಿನಕ್ಕೆ ಐವತ್ತು ಸಲ ಹೇಳುವ ಪದ ಅದು. ಕನ್ನಡದಲ್ಲಿ ಅದು ಬೈಗುಳ ಅನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಮಗಳ ನಗು ಕೇಳಿಸಿತು. ಆ ಕ್ಷಣ, ನಿಜ ಹೇಳಬೇಕೆಂದರೆ, ಗೆದ್ದೆ ಅಂದುಕೊಂಡೆ.

ಮಗಳು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಚಿಲಕ ನೋಡುತ್ತಿದ್ದಳು. 'ಅಮ್ಮ, ಇದು ಇನ್ನೂ ಹಾಗೇ ಅಲ್ಲಾಡತ್ತಾ?' ಅಂದಳು. ದನಿ ಒಡೆಯಿತು. ಅಮ್ಮನಿಗೆ ಅದು ಕೇಳಿದ್ದೇ ತಡ, ಎರಡು ಕೈ ಮುಂದೆ ಚಾಚಿ ಅವಳ ಕಡೆ ಹೊರಟರು.

ಮಗಳು ಮಾಯ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಅಮ್ಮನಿಗೆ ಕಾಣುವುದೇ ಕಾಸ್ಟ್ ಆಗುತ್ತಿತ್ತು. ಮುಖ ತೆಳುವಾಗುತ್ತಾ ಹೋಗಿ, ಹಿಂದಿನ ಗೋಡೆ ಕಂಡಿತು. ಅಮ್ಮನ ಕೈ ಗಾಳಿಯಲ್ಲಿ. 'ಎಲ್ಲಿ ಹೋದ್ಲು? ಏ, ಎಲ್ಲಿದೀಯೇ?' ಅತ್ತ ಮಗಳು, 'ಅಮ್ಮಾ, ಇಲ್ಲೇ ಇದೀನಿ, ನೀನೇ ಕಾಣಿಸ್ತಿಲ್ಲ!' ಇಬ್ಬರ ದನಿಯೂ ಸ್ಪಷ್ಟ, ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿಲ್ಲ. ಕತ್ತಲೆ ಮನೆಯಲ್ಲಿ ಕೂಗಾಡಿದ ಹಾಗೆ.

ನಾನು ನೋಡಿದ್ದು ಪಿಂಗ್, ಅಂದರೆ ಸಂದೇಶ ಹೋಗಿ ವಾಪಸ್ ಬರುವ ಸಮಯ. 270 ಮಿಲಿಸೆಕೆಂಡ್. ತಿಂಗಳುಗಟ್ಟಲೆ ನಾವು ಹೆದರುತ್ತಿದ್ದದ್ದೇ ಅದಕ್ಕೆ. ಮಾತುಕತೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮುಟ್ಟಬೇಕು ಅಂತ ಟೆಲಿಕಾಂನವರ ಹಳೇ ಲೆಕ್ಕ. ಫೈಬರ್‌ನಲ್ಲಿ ಬೆಳಕು ಓಡುವುದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 'ಅಮೆರಿಕಾನ ಹತ್ತಿರ ತಗೊಂಡು ಬಾ, ಇನ್ನೂ ಕಮ್ಮಿ ಮಾಡ್ತೀನಿ' ಅಂತ ಲೀಡ್ ಯಾವಾಗಲೂ ರೇಗುತ್ತಿದ್ದರು. ತಲೆಯಲ್ಲಿ ನೆಟ್‌ವರ್ಕ್ ಭೂತ ಕೂತಿದ್ದರಿಂದ ಬೇರೆ ಏನೂ ಕಾಣಲಿಲ್ಲ. 'ಅಮ್ಮ, ನೆಟ್ ಪ್ರಾಬ್ಲಂ, ಒಂದೇ ನಿಮಿಷ' ಅಂದೆ. ರೌಟರ್ ಬಿಟ್ಟು ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿದೆ. ಆಗ ಸೆಷನ್ ನಿಜವಾಗಿಯೂ ಬಿತ್ತು. ಅಲ್ಲಿಯವರೆಗೆ ದನಿಯಾದರೂ ಇತ್ತು, ಅದನ್ನೂ ನಾನೇ ಕತ್ತರಿಸಿದೆ.

ರೀಜಾಯಿನ್ ಮಾಡಿಸಲು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಅಮ್ಮ ಖಾಲಿ ಜಗಲಿಯಲ್ಲಿ, ನಾನು ಹಚ್ಚಿದ ಸುಳ್ಳು ದೀಪದ ಪಕ್ಕ ನಿಂತಿದ್ದರು. ಹೆಡ್‌ಸೆಟ್ ತೆಗೆಯಲಾ ಅಂತ ಕೇಳಿದೆ. ಬೇಡ, ಅವಳು ಬಂದುಬಿಟ್ಟರೆ, ಅಂದರು.

ಮಗಳು ಮತ್ತೆ ಬಂದಳು. ಅಮ್ಮ ಮತ್ತೆ ಹೊರಟರು. ಮತ್ತೆ ಮಾಯ. ಏನೂ ತೋಚದೆ 'ಅಮ್ಮ, ಸ್ವಲ್ಪ ಹಿಂದೆ ಬನ್ನಿ' ಅಂದೆ. ಹಿಂದೆ ಬಂದರು. ಮಗಳು ಕಂಡಳು. ಅಮ್ಮ ಒಂದು ಹೆಜ್ಜೆ ಮುಂದಿಟ್ಟರು, ಮಾಯ. ಹಿಂದಿಟ್ಟರು, ಪ್ರತ್ಯಕ್ಷ. ಇನ್ನೊಂದು ಸಲ ಮಾಡಿ ನೋಡಿದರು. ತಪ್ಪು ಹುಡುಕುವುದೇ ಕೆಲಸವಾದ ನಮ್ಮ ಕ್ಯೂಎ ಟೀಮ್ ಮೂರು ತಿಂಗಳಲ್ಲಿ ಮಾಡದ ಟೆಸ್ಟ್ ಅದು.

'ದೂರ ನಿಂತ್ರೆ ಕಾಣ್ತಾಳೆ, ಹತ್ರ ಹೋದ್ರೆ ಇಲ್ಲ,' ಅಂದರು ಅಮ್ಮ. 'ಯಾಕಪ್ಪಾ, ನನ್ನ ಮಗಳೇನು ಮಡಿಯಲ್ಲಿದ್ದಾಳಾ?'

ಆಗ ಹೊಟ್ಟೆಯಲ್ಲಿ ತಣ್ಣಗಾಯಿತು. ಮೀಟಿಂಗ್ ಆ್ಯಪ್‌ನಿಂದ ಎತ್ತಿಕೊಂಡು ಬಂದ ಸೇಫ್ಟಿ ಮಾಡ್ಯೂಲ್. ಅದರಲ್ಲಿ ಪರ್ಸನಲ್ ಬಬಲ್. ಯಾರಾದರೂ 1.2 ಮೀಟರ್‌ಗಿಂತ ಹತ್ತಿರ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಫೇಡ್ ಆಗಬೇಕು. ಬರೆದದ್ದು ಯಾರೋ ಅಲ್ಲ, ಸ್ಪೆಕ್ ನನ್ನದೇ. ವಿಆರ್‌ನಲ್ಲಿ ಹೆಂಗಸರ ಮೈಮೇಲೆ ಬೀಳುವ ಕಾಟ ಜಾಸ್ತಿಯಾಗಿ, 2022ರ ಫೆಬ್ರವರಿಯಲ್ಲಿ ಫೇಸ್‌ಬುಕ್‌ನ ಕಂಪನಿ ಮೆಟಾ ತನ್ನ ಹೊರೈಜನ್ ವರ್ಲ್ಡ್ಸ್ ಅನ್ನುವ ವಿಆರ್ ಆ್ಯಪ್‌ನಲ್ಲಿ ಅವತಾರ್‌ಗಳ ನಡುವೆ ಸುಮಾರು ನಾಲ್ಕು ಅಡಿ ಬೇಲಿ ಹಾಕಿತ್ತು. ಒಳ್ಳೆಯ ಕೆಲಸವೇ. ಅದನ್ನು ನೋಡಿಯೇ ನಾನು ನಮ್ಮದಕ್ಕೂ ಹಾಕಿದ್ದು. ಮುಂದಿನ ತಿಂಗಳೇ ಅವರು ಸ್ನೇಹಿತರ ನಡುವೆ ಬೇಲಿ ಬೇಡ, ಅಪರಿಚಿತರಿಗೆ ಸಾಕು ಅಂತ ಬದಲಾಯಿಸಿದರು. ಅದನ್ನೂ ಓದಿದ್ದೆ. ಓದಿ, ಬುಕ್‌ಮಾರ್ಕ್ ಮಾಡಿ, ಮರೆತಿದ್ದೆ. ಚಿಲಕಕ್ಕೆ ಒಂದು ದಿನ ಕೊಟ್ಟವನು ಅಮ್ಮ ಮಗಳ ನಡುವಿನ ನಾಲ್ಕು ಅಡಿಗೆ ಒಂದು ಗಂಟೆ ಕೊಟ್ಟಿರಲಿಲ್ಲ.

ಇಲ್ಲಿಯವರೆಗೆ ಹೇಳುವುದು ಸುಲಭ. ಮುಂದಿನದು ಕಷ್ಟ. ಕಾರಣ ಗೊತ್ತಾದ ಮೇಲೂ ನಾನು ಹೇಳಿದ್ದು, 'ನೆಟ್ ಸ್ವಲ್ಪ ವೀಕ್ ಅಮ್ಮ, ಹತ್ತಿರ ಹೋದರೆ ಲೋಡ್ ಜಾಸ್ತಿ ಆಗತ್ತೆ.' ಬಾಯಿಗೆ ಹೇಗೆ ಬಂತೋ. ಬಬಲ್‌ನ ಫ್ಲಾಗ್ ಬಿಲ್ಡ್ ಒಳಗೇ, ಅಂದರೆ ಸಿದ್ಧವಾದ ಆ್ಯಪ್ ಒಳಗೇ, ಹೋಗಿತ್ತು, ದೂರದಿಂದ ಬದಲಾಯಿಸುವ ವ್ಯವಸ್ಥೆ ಇರಲಿಲ್ಲ, ಅಲ್ಲಿ ನಿಂತು ಏನೂ ಮಾಡುವ ಹಾಗಿರಲಿಲ್ಲ. ಅದನ್ನೇ ನೇರವಾಗಿ ಹೇಳಬಹುದಿತ್ತು. ಅಮ್ಮ 'ಹೌದಾ' ಅಂದರು. ಇಪ್ಪತ್ತು ನಿಮಿಷ ಆ ತುದಿ ಈ ತುದಿ ಕೂತು ಮಾತಾಡಿದರು. ನಡುನಡುವೆ ಅಮ್ಮನ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು, ಹಾಗೇ ಹಿಂದೆ ಎಳೆದುಕೊಳ್ಳುತ್ತಿದ್ದರು. ಕಾಸ್ಟ್‌ನಲ್ಲಿ ಅದೆಲ್ಲ ನನಗೆ ಕಾಣುತ್ತಿತ್ತು. ನನಗೊಬ್ಬನಿಗೇ.

ಹೆಡ್‌ಸೆಟ್ ತೆಗೆದು, ಹಣೆಯ ಗುರುತು ಉಜ್ಜಿಕೊಂಡು, ಅವರು ಮೊದಲು ಮಾಡಿದ ಕೆಲಸ ಮಗಳಿಗೆ ವಾಟ್ಸಾಪ್ ವಿಡಿಯೊ ಕಾಲ್. 'ಆ ಬೊಂಬೆಯಲ್ಲಿ ನೀನು ಸಣ್ಣ ಆಗಿದೀಯೋ ದಪ್ಪ ಆಗಿದೀಯೋ ಗೊತ್ತಾಗಲ್ಲ ಕಣೆ.' ಆಮೇಲೆ ನನಗೆ ಅಕ್ಕಿ ರೊಟ್ಟಿ ಹಾಕಿದರು. ಎರಡನೇ ರೊಟ್ಟಿಗೆ ಬೆಣ್ಣೆ ಇಡುತ್ತಾ ಕೇಳಿದರು, 'ಅಲ್ಲಪ್ಪಾ, ನನ್ನ ಮನೇನೇ ನನಗೆ ತೋರಿಸೋಕೆ ಬೆಂಗಳೂರಿಂದ ಬಂದ್ಯಾ?'

ಹನ್ನೊಂದು ವಾರ. ಸ್ವಂತ ಜಗಲಿಯಲ್ಲಿ ನಿಂತವರ ಕಣ್ಣಿಗೆ ಪಟ್ಟಿ ಕಟ್ಟಿ, ಅದೇ ಜಗಲಿಯನ್ನು ಮಬ್ಬಾಗಿ ತೋರಿಸಿದ್ದೆವು. ಮನೆ ಬೇಕಾಗಿದ್ದದ್ದು ಮಗಳಿಗೆ. ಅಮ್ಮನಿಗೆ ಬೇಕಾಗಿದ್ದದ್ದು ಮಗಳು. ಇಬ್ಬರಿಗೂ ಒಂದೇ ಸೀನ್ ಇರಬೇಕು ಅಂತ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಮೀಟಿಂಗ್ ಆ್ಯಪ್‌ನಲ್ಲಿ ಹಾಗಿತ್ತು.

ಸೋಮವಾರ ಎಲ್ಲವನ್ನೂ ಟೀಮ್‌ಗೆ ಹೇಳಿದೆ, ಸುಳ್ಳು ಹೇಳಿದ್ದನ್ನು ಬಿಟ್ಟು. ಅದನ್ನು ಲೀಡ್‌ಗೆ ಮಾತ್ರ ಹೇಳಿದೆ. ಅವರು ಏನೂ ಅನ್ನಲಿಲ್ಲ. ಫ್ಲಾಗ್‌ಗೆ 'ಮಡಿ' ಅಂತ ಹೆಸರಿಟ್ಟು ಕಮಿಟ್ ಮಾಡಿದರು. ಬದಲಾದದ್ದು ಒಂದು ಸಾಲು. ಅದಕ್ಕೆ ಅನುಮತಿ ಸಿಗಲು ಮೂರು ವಾರ. ಸೇಫ್ಟಿ ಮಾಡ್ಯೂಲ್‌ನ ಡೀಫಾಲ್ಟ್ ಬದಲಾಯಿಸಬೇಕಾದರೆ ಇನ್ನೊಂದು ಟೀಮ್‌ನ ಒಪ್ಪಿಗೆ ಬೇಕು. ಆ ಟೀಮ್‌ನಲ್ಲಿ ಇದ್ದವರು ಇಬ್ಬರು, ಒಬ್ಬರು ರಜೆ. ದೀಪದ ಬಣ್ಣ ಬದಲಾಯಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪ್ರೊಡಕ್ಟ್ ಮ್ಯಾನೇಜರ್‌ಗೆ ಆ ಮೂರು ವಾರವೂ ಒಂದೇ ಚಿಂತೆ, ಇಷ್ಟು ಚೆನ್ನಾಗಿರುವ ಮನೆಯನ್ನು ಅಮ್ಮನ ಬಿಲ್ಡ್‌ನಿಂದ ತೆಗೆದರೆ ಡೆಮೊದಲ್ಲಿ ಏನು ತೋರಿಸೋದು?

ತೆಗೆದೆವು. ಈಗ ಅಮ್ಮನಿಗೆ ಪಾಸ್‌ಥ್ರೂ, ಅಂದರೆ ಹೆಡ್‌ಸೆಟ್‌ನ ಕ್ಯಾಮೆರಾ ಮೂಲಕ ಸುತ್ತಲಿನ ನಿಜವಾದ ಜಾಗವೇ ಕಾಣುತ್ತದೆ. ತಮ್ಮ ನಿಜವಾದ ಜಗಲಿಯಲ್ಲೇ ಕೂರುತ್ತಾರೆ, ಕಂಬದ ಪಕ್ಕ ಮಗಳು ಕಾಣುತ್ತಾಳೆ. ಅಲ್ಲಿ ಮಗಳು ನಮ್ಮ ಹನ್ನೊಂದು ವಾರದ ಮನೆಯಲ್ಲಿ ಕೂತಿರುತ್ತಾಳೆ. ಎರಡು ಜಗಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಮಗಳು ಗೋಡೆಯೊಳಗೆ ಹೂತುಹೋಗುತ್ತಾಳೆ. ಆ ಎರಡನ್ನೂ ಹೊಂದಿಸುವ ಗುರುತು, ಆ್ಯಂಕರ್, ಜರುಗಿ ಎರಡು ಸಲ ಹಾಗೂ ಆಯಿತು. ಎರಡು ಸಲವೂ 'ನೆಟ್ ಅಲ್ಲಮ್ಮ, ನಮ್ಮ ತಪ್ಪು' ಅಂದೆ.

ಮಡಿ ತೆಗೆದ ಬಿಲ್ಡ್ ತೆಗೆದುಕೊಂಡು ಹೋದ ದಿನ ಅಮ್ಮ ಸೀದಾ ಹೋಗಿ ಮಗಳ ಮುಖದ ಎರಡೂ ಕಡೆ ಕೈ ಸವರಿ, ಕೈಗಳನ್ನು ತಮ್ಮ ಕಪಾಲಕ್ಕೆ ತಂದು ನೆಟಿಗೆ ಮುರಿದು ದೃಷ್ಟಿ ತೆಗೆದರು. ಹ್ಯಾಂಡ್ ಟ್ರ್ಯಾಕಿಂಗ್‌ಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ಬೆರಳು ಮಡಚಿರುತ್ತದೆ, ಕೈ ಹೆಡ್‌ಸೆಟ್‌ನ ಪಕ್ಕಕ್ಕೆ, ಕ್ಯಾಮೆರಾ ಕಣ್ಣಿಗೆ ಸಿಗದ ಜಾಗಕ್ಕೆ ಹೋಗಿರುತ್ತದೆ. ಸವರುವುದು ಮಗಳಿಗೆ ಕಂಡಿತು, ಅಷ್ಟರಲ್ಲಿ ಅಮ್ಮನ ಕೈ ಮಂಗಮಾಯ. ಮ್ಯಾನೇಜರ್ ಇದನ್ನು 'ಕಲ್ಚರಲ್ ಜೆಸ್ಚರ್' ಅಂತ ಟಿಕೆಟ್ ಮಾಡಿ, ಬೆರಳಿಂದ ಕಿಡಿ ಹಾರುವ ಎಫೆಕ್ಟ್ ಕೇಳಿದ್ದಾರೆ. ಆ ಟಿಕೆಟ್ ಬ್ಯಾಕ್‌ಲಾಗ್‌ನಲ್ಲಿದೆ, ಅಂದರೆ ಬಾಕಿ ಕೆಲಸದ ಪಟ್ಟಿಯಲ್ಲಿ, ಅಲ್ಲೇ ಇರಲಿ. ಅಮ್ಮನ ಕೈ ಕಪಾಲದ ಹತ್ತಿರ ಮಾಯವಾದ ಕೂಡಲೇ ಈಗ ಮಗಳೇ ಆ ಕಡೆಯಿಂದ ಬಾಯಲ್ಲಿ 'ಲಟ ಲಟ ಲಟ' ಅನ್ನುತ್ತಾಳೆ. 270 ಮಿಲಿಸೆಕೆಂಡ್‌ನಲ್ಲಿ ಅದು ಯಾವತ್ತೂ ಸರಿಯಾದ ಸಮಯಕ್ಕೆ ಬರುವುದಿಲ್ಲ. 'ಇನ್ನೂ ಮುರಿದೇ ಇಲ್ಲ, ಸುಮ್ನಿರೇ' ಅಂತ ಅಮ್ಮ ಪ್ರತಿ ಸಲ ಬೈಯುತ್ತಾರೆ.